ಬೆತ್ತ ಬೇಗ ಮುಗಿಯುತ್ತದೆ: ಅಚೆಹ್‌ನ ಶರಿಯಾ ದಂಡ ಕಾನೂನು, ಒಂದು ಪ್ರಕರಣ ಅಧ್ಯಯನ

ಒಂದು ಬೆತ್ತದೇಟು, ಹತ್ತು ಗ್ರಾಂ ಚಿನ್ನ, ಒಂದು ತಿಂಗಳ ಜೈಲು. ಮೂರೂ ಒಂದೇ ಬೆಲೆ.

ಇದು ಒಗಟಲ್ಲ. ಇಂಡೊನೇಷ್ಯಾದ ಅಚೆಹ್ ಪ್ರಾಂತ್ಯದ ದಂಡ ಕಾನೂನು ನಿಂತಿರುವುದೇ ಈ ಲೆಕ್ಕದ ಮೇಲೆ. ಮದುವೆಯಾಗದ ಗಂಡು ಹೆಣ್ಣು ಮರೆಯಲ್ಲಿ ಇಬ್ಬರೇ ಸಿಕ್ಕಿಬಿದ್ದರೆ ಗರಿಷ್ಠ 10 ಏಟು, ಇಲ್ಲವೇ 100 ಗ್ರಾಂ ಚಿನ್ನ, ಇಲ್ಲವೇ 10 ತಿಂಗಳ ಜೈಲು. ಸಲಿಂಗಕಾಮಕ್ಕೆ ಗರಿಷ್ಠ 100 ಏಟು, ಇಲ್ಲವೇ 1000 ಗ್ರಾಂ, ಇಲ್ಲವೇ 100 ತಿಂಗಳು. ಯಾವುದನ್ನು ಕೊಡಬೇಕು ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. 2025ರಲ್ಲಿ ನಮ್ಮಲ್ಲಿ 10 ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿತು. 100 ಗ್ರಾಂ ಅಂದರೆ ಹತ್ತು ಲಕ್ಷದ ಮಾತು. ಹಾಗಾಗಿ ಸಾಮಾನ್ಯ ಜನರ ಪಾಲಿಗೆ ಬರುವುದು ಹೆಚ್ಚಾಗಿ ಬೆತ್ತವೇ.

ಈ ಕಾನೂನು ಕೆಲಸ ಮಾಡುತ್ತಿದೆಯಾ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ‘ಬರ್ಬರ’ ಎನ್ನುವವರು ಅಷ್ಟಕ್ಕೇ ಮುಗಿಸುತ್ತಾರೆ. ‘ದೇವರ ಕಾನೂನು’ ಎನ್ನುವವರೂ ಅಷ್ಟಕ್ಕೇ ಮುಗಿಸುತ್ತಾರೆ. ನನಗೆ ಆಸಕ್ತಿ ಇರುವುದು ಮೇಲಿನ ಲೆಕ್ಕದಲ್ಲಿ. ಒಂದು ಏಟಿಗೆ ಒಂದು ತಿಂಗಳು ಎನ್ನುವ ಸಮೀಕರಣ ಎಲ್ಲಿ ಸರಿ ಕೂರುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂದು ನೋಡೋಣ.

ಕೇಳಿದ್ದೊಂದು, ಸಿಕ್ಕಿದ್ದೊಂದು

ಅಚೆಹ್ ಇರುವುದು ಸುಮಾತ್ರಾ ದ್ವೀಪದ ವಾಯವ್ಯ ತುದಿಯಲ್ಲಿ. ಜನಸಂಖ್ಯೆ ಅರ್ಧ ಕೋಟಿಗಿಂತ ಸ್ವಲ್ಪ ಜಾಸ್ತಿ, ಬಹುಪಾಲು ಎಲ್ಲರೂ ಮುಸ್ಲಿಮರು. ‘ಮೆಕ್ಕಾದ ಜಗುಲಿ’ ಎಂದು ಅದಕ್ಕೆ ಹಳೆಯ ಅಡ್ಡಹೆಸರು. ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶ ಇಂಡೊನೇಷ್ಯಾ. ಆದರೆ ಶರಿಯಾ ದಂಡ ಕಾನೂನು ಇರುವುದು ಆ ದೇಶದ ಈ ಒಂದು ಪ್ರಾಂತ್ಯದಲ್ಲಿ ಮಾತ್ರ. ನಮ್ಮಲ್ಲಿ ಶರಿಯಾ ಎಂದರೆ ಮದುವೆ, ತಲಾಖ್, ಆಸ್ತಿಯ ವೈಯಕ್ತಿಕ ಕಾನೂನು. ಅಪರಾಧ, ಶಿಕ್ಷೆಯ ವಿಷಯ ಅದರಲ್ಲಿ ಬರುವುದಿಲ್ಲ. ಅಚೆಹ್‌ನಲ್ಲಿ ಬರುತ್ತದೆ.

ಅಲ್ಲಿ ಪ್ರಾಂತೀಯ ಕಾಯ್ದೆಯನ್ನು ‘ಕಾನುನ್’ ಎನ್ನುತ್ತಾರೆ. ನಮ್ಮ ‘ಕಾನೂನು’ ಇದೆಯಲ್ಲ, ಅದೇ ಪದ. ಎರಡೂ ಅರಬ್ಬಿಯಿಂದ ಬಂದವು, ಒಂದು ಪೂರ್ವಕ್ಕೆ ಹೋಯಿತು, ಇನ್ನೊಂದು ಇಲ್ಲಿ ಉಳಿಯಿತು.

ಈ ಕಾನೂನನ್ನು ಅಚೆಹ್ ಜನ ಹೋರಾಡಿ ಪಡೆದುಕೊಂಡರು ಎಂಬ ನಂಬಿಕೆ ಇದೆ. ಪೂರ್ತಿ ನಿಜವಲ್ಲ. 1953ರಲ್ಲಿ ದಾವುದ್ ಬೆರುಎಹ್ ಎಂಬ ಧಾರ್ಮಿಕ ನಾಯಕ ಜಕಾರ್ತಾದ ಕೇಂದ್ರ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಇಸ್ಲಾಮಿನ ಮಾತೇ ಮುಂದಿತ್ತು, ಸರಿ. ಆದರೆ 1976ರಲ್ಲಿ ಹಸನ್ ದಿ ತಿರೊ ಹುಟ್ಟುಹಾಕಿದ ಸ್ವತಂತ್ರ ಅಚೆಹ್ ಚಳವಳಿ ಕೇಳಿದ್ದು ಬೇರೆ ದೇಶವನ್ನು. ಅದರ ಸಿಟ್ಟು ತಮ್ಮ ನೆಲದ ಅನಿಲದ ದುಡ್ಡು ಜಕಾರ್ತಾಕ್ಕೆ ಹರಿಯುತ್ತಿದೆ ಎನ್ನುವುದರ ಮೇಲೆ, ಸೇನೆಯ ದೌರ್ಜನ್ಯದ ಮೇಲೆ. 1999ರ ಅಕ್ಟೋಬರ್‌ನಲ್ಲಿ ಜಕಾರ್ತಾ ಅಚೆಹ್‌ಗೆ ಧರ್ಮ, ಸಂಪ್ರದಾಯ, ಶಿಕ್ಷಣಗಳಲ್ಲಿ ವಿಶೇಷ ಅಧಿಕಾರ ಕೊಡುವ ಕಾಯ್ದೆ ತಂದಿತು. ಮರು ತಿಂಗಳೇ ಲಕ್ಷಗಟ್ಟಲೆ ಜನ ಪ್ರಾಂತ್ಯದ ರಾಜಧಾನಿ ಬಾಂಡಾ ಅಚೆಹ್‌ನಲ್ಲಿ ಸೇರಿ ಕೂಗಿದ್ದು ‘ಜನಮತಗಣನೆ ಬೇಕು’ ಎಂದು. 2001ರಲ್ಲಿ ಇನ್ನೊಂದು ಕಾಯ್ದೆ ಬಂತು, ಶರಿಯಾ ನ್ಯಾಯಾಲಯ ಸಿಕ್ಕಿತು. ಜನಮತಗಣನೆ ಮಾತ್ರ ಸಿಗಲಿಲ್ಲ. ಹಸಿದವನು ಅನ್ನ ಕೇಳಿದರೆ ಜಪಮಣಿ ಕೊಟ್ಟ ಹಾಗೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಒಂದು ಕಾನೂನು ಫಲ ಕೊಟ್ಟಿತೇ ಎಂದು ಕೇಳುವ ಮುಂಚೆ ಅದು ಯಾವ ಫಲಕ್ಕಾಗಿ ಬಂತು ಎಂದು ಕೇಳಬೇಕಲ್ಲವೇ? ಇದು ಬಂದಿದ್ದು ಅಪರಾಧ ಜಾಸ್ತಿಯಾಗಿದೆ ಎಂದಲ್ಲ. ಬಂಡಾಯ ತಣಿಸಲು ಬಂತು. ಆ ಕೆಲಸವನ್ನೂ ಅದು ಮಾಡಲಿಲ್ಲ. ಬಂಡಾಯ ನಿಂತಿದ್ದು 2004ರ ಡಿಸೆಂಬರ್ 26ರ ಸುನಾಮಿ ಅಚೆಹ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ನುಂಗಿದ ಮೇಲೆ, 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಒಪ್ಪಂದ ಆದಾಗ.

ಸುನಾಮಿ ಇನ್ನೊಂದು ಕೆಲಸವನ್ನೂ ಮಾಡಿತು. ‘ಇದು ನಮ್ಮ ಪಾಪಕ್ಕೆ ದೇವರು ಕೊಟ್ಟ ಎಚ್ಚರಿಕೆ’ ಎಂದು ಬಹಳ ಜನ ನಂಬಿದರು. ಸುತ್ತಲ ಊರೆಲ್ಲ ನೆಲಸಮವಾದರೂ ಬಾಂಡಾ ಅಚೆಹ್‌ನ ಬೈತುರ್ರಹಮಾನ್ ಮಸೀದಿ ನಿಂತೇ ಇತ್ತು. ಆರು ತಿಂಗಳು ಕಳೆಯುವುದರೊಳಗೆ, 2005ರ ಜೂನ್ 24ರ ಶುಕ್ರವಾರ, ಬಿರುಎನ್ ಎಂಬ ಪಟ್ಟಣದಲ್ಲಿ ಜೂಜಾಡಿದ 15 ಗಂಡಸರಿಗೆ ಜನರೆದುರು ಮೊದಲ ಬಾರಿ ಬೆತ್ತ ಬಿತ್ತು.

ವೇದಿಕೆ ಮೇಲೆ ನಡೆಯುವುದೇನು

ಆಗ ಮುಖ್ಯವಾಗಿ ಇದ್ದಿದ್ದು ಮೂರು ಚಿಕ್ಕ ಕಾಯ್ದೆಗಳು: ಮದ್ಯ, ಜೂಜು, ‘ಖಲ್ವತ್’ ಅಂದರೆ ಪರಗಂಡು ಪರಹೆಣ್ಣು ಏಕಾಂತದಲ್ಲಿ ಇರುವುದು. ಎಲ್ಲವೂ 2003ರವು. ಪೂರ್ಣ ದಂಡಸಂಹಿತೆ ಬಂದಿದ್ದು 2014ರಲ್ಲಿ. ಜಾರಿಯಾಗಿದ್ದು 2015ರ ಅಕ್ಟೋಬರ್‌ನಿಂದ. ಅದರಲ್ಲಿ ಹತ್ತು ಅಪರಾಧಗಳಿವೆ. ಹಳೆಯ ಮೂರರ ಜೊತೆಗೆ ಮೈಮುಟ್ಟಿ ಸಲಿಗೆಯಿಂದ ಇರುವುದು, ವ್ಯಭಿಚಾರ, ವ್ಯಭಿಚಾರದ ಸುಳ್ಳು ಆರೋಪ, ಗಂಡು ಗಂಡಿನ ಸಂಬಂಧ, ಹೆಣ್ಣು ಹೆಣ್ಣಿನ ಸಂಬಂಧ, ಲೈಂಗಿಕ ಕಿರುಕುಳ, ಅತ್ಯಾಚಾರ. ಕಳ್ಳತನ ಇಲ್ಲ. ಕೊಲೆ ಇಲ್ಲ. ಅವಕ್ಕೆ ರಾಷ್ಟ್ರೀಯ ಕಾನೂನೇ. ಕೈ ಕಡಿಯುವ ಶಿಕ್ಷೆಯೂ ಇಲ್ಲ.

ಬೆತ್ತದ ನಿಯಮ ಮಾತ್ರ ಬಹಳ ವಿವರವಾಗಿ ಬರೆದಿಟ್ಟಿದ್ದಾರೆ. ಬೆತ್ತ ಒಂದು ಸೆಂಟಿಮೀಟರಿಗಿಂತ ದಪ್ಪ ಇರಬಾರದು, ತುದಿ ಸೀಳಿರಬಾರದು. ಏಟು ಬೆನ್ನಿಗೆ. ಗಂಡಸು ನಿಂತಿರಬೇಕು, ಹೆಂಗಸು ಕೂತಿರಬೇಕು. ವೈದ್ಯರು ಹಾಜರಿರಬೇಕು. ಹೊಡೆಯುವವರು ಮುಖ ಮುಚ್ಚಿಕೊಂಡಿರುತ್ತಾರೆ. ಬಂಧನದಲ್ಲಿ ಕಳೆದ ತಿಂಗಳುಗಳನ್ನು ಏಟಿನ ಲೆಕ್ಕದಲ್ಲಿ ವಜಾ ಮಾಡುತ್ತಾರೆ. 2017ರ ಮೇ ತಿಂಗಳಲ್ಲಿ ಬಾಂಡಾ ಅಚೆಹ್‌ನಲ್ಲಿ ಇಬ್ಬರು ಯುವಕರಿಗೆ ಸಲಿಂಗಕಾಮಕ್ಕಾಗಿ 85 ಏಟಿನ ತೀರ್ಪಾಗಿತ್ತು. ಬಿದ್ದಿದ್ದು ತಲಾ 83. ಹದಿನೆಂಟು ತುಂಬದವರು ನೋಡಲು ಬರಬಾರದು ಎಂದೂ ನಿಯಮದಲ್ಲಿದೆ. ಆದರೆ ನೆರೆದವರ ಕೈಯಲ್ಲಿ ಮೊಬೈಲ್ ಇರುತ್ತದೆ. ಸಂಜೆಯೊಳಗೆ ವಿಡಿಯೊ ಎಲ್ಲರ ಮನೆಗೆ ತಲುಪುತ್ತದೆ.

ಇಲ್ಲೇ ಈ ಶಿಕ್ಷೆಯ ಮೂಲ ಯೋಚನೆ ಕೆಟ್ಟುಹೋಗುತ್ತದೆ. ಕಾನೂನಿನ ಪರ ಇರುವವರು ಹೇಳುವ ಮಾತು ಇದು: ನೋವು ಮುಖ್ಯವಲ್ಲ, ನಾಚಿಕೆ ಮುಖ್ಯ. ಊರವರ ಮುಂದೆ ತಲೆ ತಗ್ಗಿಸಿ ನಿಂತು, ಏಟು ತಿಂದು, ಮನೆಗೆ ಹೋದರೆ ಅಲ್ಲಿಗೆ ಮುಗಿಯಿತು. ಹಳ್ಳಿಯ ನಾಚಿಕೆಗೆ ಒಂದು ಅಳತೆ ಇತ್ತು. ಎರಡು ಸುಗ್ಗಿ ಕಳೆದರೆ ಜನ ಮರೆಯುತ್ತಿದ್ದರು. ಇಂಟರ್ನೆಟ್ಟಿಗೆ ಮರೆವು ಇಲ್ಲ. ಎಂಟು ಏಟಿನ ತೀರ್ಪು ಜೀವನಪೂರ್ತಿಯ ಶಿಕ್ಷೆಯಾಗುತ್ತದೆ. ಅದೂ ಹೆಂಗಸರಿಗೆ ಜಾಸ್ತಿ.

ಆದರೂ ಪರ ಇರುವವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. 2017ರ ಮಾರ್ಚ್‌ನಲ್ಲಿ ಕೋಳಿ ಅಂಕದಲ್ಲಿ ಬಾಜಿ ಕಟ್ಟಿ ಸಿಕ್ಕಿಬಿದ್ದ ಇಬ್ಬರು ಬೌದ್ಧರು ರಾಷ್ಟ್ರೀಯ ಕಾನೂನಿನ ಬದಲು ಬೆತ್ತವನ್ನೇ ಆರಿಸಿಕೊಂಡರು. ಮುಸ್ಲಿಮೇತರರಿಗೆ ಆ ಆಯ್ಕೆ ಇದೆ. ಯಾಕೆ ಆರಿಸಿಕೊಂಡರು? ಬೇಗ ಮುಗಿಯುತ್ತದೆ. ಜೈಲಿಗೆ ಹೋದರೆ ದುಡಿಮೆ ಹೋಗುತ್ತದೆ, ಅಂಗಡಿ ಮುಚ್ಚುತ್ತದೆ, ಮಕ್ಕಳ ಶಾಲೆ ನಿಲ್ಲುತ್ತದೆ. ಇಂಡೊನೇಷ್ಯಾದ ಜೈಲುಗಳು ಮೊದಲೇ ಕಿಕ್ಕಿರಿದಿವೆ. ಏಳೆಂಟು ಏಟು ತಿಂದು ಮರುದಿನ ಕೆಲಸಕ್ಕೆ ಹೋಗುವುದು ಒಬ್ಬ ಕೂಲಿಯವನಿಗೆ ಖಂಡಿತ ಅಗ್ಗ. ಜೈಲೇ ನಾಗರಿಕ, ಬೆತ್ತ ಅನಾಗರಿಕ ಎಂದು ದೂರದಲ್ಲಿ ಕೂತು ಹೇಳುವ ನಮಗೆ ಈ ಲೆಕ್ಕ ಕಾಣುವುದಿಲ್ಲ.

ಸಂಖ್ಯೆ ಏರಿದರೆ ಏನರ್ಥ

ಮಾನವ ಹಕ್ಕು ಸಂಘಟನೆಗಳ ಲೆಕ್ಕದಲ್ಲಿ 2015ರಲ್ಲಿ ಕನಿಷ್ಠ 108 ಜನ ಬೆತ್ತ ತಿಂದರು. ಹೊಸ ಸಂಹಿತೆ ಪೂರ್ತಿ ವರ್ಷ ಜಾರಿಯಲ್ಲಿದ್ದ 2016ರಲ್ಲಿ 339 ಜನ. ಮೂರು ಪಟ್ಟು!

ಇದನ್ನು ಹೇಗೆ ಓದಬೇಕು? ಅಪರಾಧ ಮೂರು ಪಟ್ಟು ಆಯಿತೇ? ಇಲ್ಲ. ಕಾನೂನು ಮೂರು ಪಟ್ಟು ಪರಿಣಾಮಕಾರಿ ಆಯಿತೇ? ಅದೂ ಇಲ್ಲ. ಹಳೆಯ ಕಾಯ್ದೆಗಳ ಕಾಲದಲ್ಲಿ ಆರೋಪಿಯನ್ನು ಬಂಧನದಲ್ಲಿ ಇಡಲು ಸರಿಯಾದ ಅಧಿಕಾರವೇ ಇರಲಿಲ್ಲ. ತೀರ್ಪು ಬರುವಷ್ಟರಲ್ಲಿ ಆರೋಪಿ ಪಕ್ಕದ ಪ್ರಾಂತ್ಯಕ್ಕೆ ಬಸ್ ಹತ್ತಿಬಿಡಬಹುದಿತ್ತು. 2013ರ ವಿಚಾರಣಾ ಸಂಹಿತೆ ಆ ತೂತನ್ನು ಮುಚ್ಚಿತು. ಹತ್ತು ಅಪರಾಧಗಳ ಪಟ್ಟಿ ಬಂತು. ಯಂತ್ರಕ್ಕೆ ಎಣ್ಣೆ ಬಿತ್ತು, ತಿರುಗಿತು. ಅಷ್ಟೇ. ಬೆತ್ತದ ಸಂಖ್ಯೆ ಯಂತ್ರದ ವೇಗವನ್ನು ಹೇಳುತ್ತದೆ. ಅದು ಅರೆದ ಹಿಟ್ಟಿನ ಗುಣವನ್ನು ಹೇಳುವುದಿಲ್ಲ.

ಕಣ್ಣಿಗೆ ಕಾಣುವ ಬದಲಾವಣೆ ಇಲ್ಲದೇ ಇಲ್ಲ. ಅಚೆಹ್‌ನ ಬೀದಿಯಲ್ಲಿ ಮದ್ಯ ರಾಜಾರೋಷವಾಗಿ ಸಿಗುವುದಿಲ್ಲ. ಸಿನಿಮಾ ಮಂದಿರ ಇಲ್ಲ. ಆದರೆ ಪಕ್ಕದ ಉತ್ತರ ಸುಮಾತ್ರಾದ ಮೇಡಾನ್ ನಗರ ಇದೆ. ದುಡ್ಡಿರುವವರಿಗೆ ಬಿಯರೂ ಸಿನಿಮಾವೂ ಹೋಟೆಲ್ ರೂಮೂ ಅಲ್ಲಿ. ಒಂದು ಪ್ರಾಂತ್ಯಕ್ಕೆ ಮಾತ್ರ ಸೀಮಿತವಾದ ನೀತಿ ಕಾನೂನಿನ ದೊಡ್ಡ ಕಷ್ಟವೇ ಇದು. ಗಡಿಯಲ್ಲಿ ಬೇಲಿ ಇಲ್ಲ, ಬಸ್ ಇದೆ.

ಜೂಜಿನ ಕಥೆ ಇನ್ನೂ ತಮಾಷೆ. ಕಾಯ್ದೆ ಬರೆದವರ ತಲೆಯಲ್ಲಿ ಇದ್ದಿದ್ದು ಇಸ್ಪೀಟು, ಕೋಳಿ ಅಂಕ. ಅಷ್ಟರಲ್ಲಿ ಜೂಜು ಮೊಬೈಲಿಗೆ ಹೋಯಿತು. 2021ರ ಸುಮಾರಿಗೆ ಹಿಗ್ಸ್ ಡೊಮಿನೊ ಎಂಬ ಆಟದ ‘ಚಿಪ್’ ಮಾರುವ ಸಣ್ಣ ಅಂಗಡಿಯವರು, ಕಾಫಿ ಅಂಗಡಿಯಲ್ಲಿ ಕೂತು ಆಡುವ ಹುಡುಗರು ವೇದಿಕೆ ಹತ್ತತೊಡಗಿದರು. ಆಟ ನಡೆಸುವ ಕಂಪನಿಯ ಬೆನ್ನಿಗೆ ಬೆತ್ತ ತಲುಪುವುದಿಲ್ಲವಲ್ಲ. ಅಪರಾಧ ತಡೆಯುವ ವಿಷಯದಲ್ಲಿ ಎಲ್ಲ ಕಡೆಯೂ ಗೊತ್ತಿರುವ ಮಾತೊಂದಿದೆ: ಶಿಕ್ಷೆ ಎಷ್ಟು ಜೋರು ಎನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಾತ್ರಿ ಎನ್ನುವುದು ಜನರನ್ನು ತಡೆಯುತ್ತದೆ. ಅಚೆಹ್‌ನಲ್ಲಿ ಸಿಕ್ಕಿಬೀಳುವ ಖಾತ್ರಿ ಇರುವುದು ಬಾಗಿಲಿಗೆ ಚಿಲಕ ಸರಿಯಿಲ್ಲದವರಿಗೆ.

ಕೆಳಗೆ ಚೂಪು, ಮೇಲೆ ಮೊಂಡು

ಇದು ಇಂಡೊನೇಷ್ಯಾದವರದೇ ಮಾತು. ಕಾನೂನು ಕೆಳಗಿನವರಿಗೆ ಚೂಪು, ಮೇಲಿನವರಿಗೆ ಮೊಂಡು ಎಂದು ಅವರು ಗೊಣಗುತ್ತಾರೆ. ಅಚೆಹ್‌ನಲ್ಲಿ ಇದಕ್ಕೆ ಇರ್ವಾಂದಿ ಯೂಸುಫ್ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗದು.

ಇರ್ವಾಂದಿ ಓದಿದ್ದು ಪಶುವೈದ್ಯ. ಸೇರಿದ್ದು ಸ್ವತಂತ್ರ ಅಚೆಹ್ ಚಳವಳಿ. ಸುನಾಮಿ ಬಂದಾಗ ಬಾಂಡಾ ಅಚೆಹ್‌ನ ಜೈಲಿನಲ್ಲಿದ್ದರು. ನೀರು ನುಗ್ಗಿ ಜೈಲೇ ಮುಳುಗಿದಾಗ ಛಾವಣಿ ಒಡೆದು ಹೊರಬಂದರು. ಶಾಂತಿ ಒಪ್ಪಂದದ ನಂತರ ಚುನಾವಣೆ ಗೆದ್ದು ಗವರ್ನರ್ ಆದರು. 2009ರ ಸೆಪ್ಟೆಂಬರ್‌ನಲ್ಲಿ, ಅವಧಿ ಮುಗಿಯುತ್ತಿದ್ದ ಶಾಸನಸಭೆ ವ್ಯಭಿಚಾರಕ್ಕೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆ ಇರುವ ಸಂಹಿತೆಯನ್ನು ಪಾಸು ಮಾಡಿತು. ಇರ್ವಾಂದಿ ಸಹಿ ಹಾಕಲಿಲ್ಲ. ಅದು ಅಲ್ಲೇ ಸತ್ತಿತು. 2014ರ ಸಂಹಿತೆಯಲ್ಲಿ ಕಲ್ಲು ಇಲ್ಲದಿರುವುದಕ್ಕೆ ಹಿಂದಿನ ಕಥೆ ಇದು.

2017ರಲ್ಲಿ ಅವರು ಮತ್ತೆ ಗವರ್ನರ್. 2018ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದರು: ಬೆತ್ತ ಇನ್ನು ಮುಂದೆ ಜೈಲಿನ ಆವರಣದೊಳಗೆ, ಮಕ್ಕಳು ಬರುವಂತಿಲ್ಲ, ಚಿತ್ರೀಕರಣ ಇಲ್ಲ. ವಿರೋಧ ಎದ್ದಿತು. ಜನ ನೋಡದಿದ್ದರೆ ನಾಚಿಕೆ ಎಲ್ಲಿಂದ ಬರಬೇಕು ಎಂದು ಕೇಳಿದರು. ಜುಲೈನಲ್ಲಿ ರಾಷ್ಟ್ರೀಯ ಭ್ರಷ್ಟಾಚಾರ ನಿಗ್ರಹ ಆಯೋಗ ಇರ್ವಾಂದಿಯನ್ನೇ ಲಂಚದ ಆರೋಪದಲ್ಲಿ ಬಂಧಿಸಿತು. ಅಚೆಹ್‌ಗೆ ಬರುವ ವಿಶೇಷ ಸ್ವಾಯತ್ತತೆ ನಿಧಿಯ ಕಾಮಗಾರಿಗಳಿಗೆ ಸಂಬಂಧಿಸಿದ ಲಂಚ ಅದು. 7 ವರ್ಷ ಶಿಕ್ಷೆಯಾಯಿತು. ಬೆತ್ತ ಮತ್ತೆ ಬಯಲಲ್ಲೇ ಬೀಳುತ್ತ ಹೋಯಿತು.

ಗಮನಿಸಿ, ಅವರನ್ನು ಹಿಡಿದಿದ್ದು ಜಕಾರ್ತಾದ ಆಯೋಗ. ಶಿಕ್ಷಿಸಿದ್ದು ರಾಷ್ಟ್ರೀಯ ಕಾನೂನು. ಅವರಿಗಿಂತ ಮುಂಚಿನ ಗವರ್ನರ್ ಅಬ್ದುಲ್ಲಾ ಪುತೆಹ್ ಹೆಲಿಕಾಪ್ಟರ್ ಖರೀದಿ ಹಗರಣದಲ್ಲಿ ಜೈಲಿಗೆ ಹೋಗಿದ್ದೂ ಹಾಗೆಯೇ. ಶರಿಯಾ ಸಂಹಿತೆಯ ಹತ್ತು ಅಪರಾಧಗಳಲ್ಲಿ ಲಂಚ ಇಲ್ಲವೇ ಇಲ್ಲ. ವರ್ಷಗಟ್ಟಲೆ ಸುಮಾತ್ರಾದಲ್ಲೇ ಅತಿ ಬಡ ಪ್ರಾಂತ್ಯ ಎನಿಸಿಕೊಂಡ ನಾಡಿನಲ್ಲಿ, ಹೇರಳವಾಗಿ ಹಣ ಬರುತ್ತಿದ್ದರೂ ಬಡತನ ಹೋಗದ ನಾಡಿನಲ್ಲಿ, ನೀತಿ ಕಾಯುವ ಕಾನೂನಿನ ಕಣ್ಣಿಗೆ ಲಂಚ ಬೀಳುವುದಿಲ್ಲ. ಜೋಡಿಗಳು ಬೀಳುತ್ತಾರೆ.

ನ್ಯಾಯವಾಗಿ ಇನ್ನೊಂದು ಘಟನೆಯನ್ನೂ ಹೇಳಬೇಕು. 2019ರ ಅಕ್ಟೋಬರ್‌ನಲ್ಲಿ ಅಚೆಹ್ ಬೆಸಾರ್ ಜಿಲ್ಲೆಯ ಉಲೇಮಾ ಮಂಡಳಿಯ, ಅಂದರೆ ಧರ್ಮಪಂಡಿತರ ಮಂಡಳಿಯ, ಸದಸ್ಯರೊಬ್ಬರಿಗೆ 28 ಏಟು ಬಿತ್ತು. ಮದುವೆಯಾದ ಹೆಂಗಸಿನ ಜೊತೆ ಕಡಲತೀರದ ಬಳಿ ಕಾರಿನಲ್ಲಿ ಸಿಕ್ಕಿಬಿದ್ದಿದ್ದರು. ಇದೇ ಕಾನೂನುಗಳನ್ನು ರೂಪಿಸುವಲ್ಲಿ ಸಲಹೆ ಕೊಟ್ಟ ಮಂಡಳಿ ಅದು. ‘ನೋಡಿ, ಯಾರನ್ನೂ ಬಿಡುವುದಿಲ್ಲ’ ಎಂದು ಕಾನೂನಿನ ಪರ ಇರುವವರು ಇಂದಿಗೂ ಇದನ್ನು ತೋರಿಸುತ್ತಾರೆ. ಒಪ್ಪೋಣ. ಆದರೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದು ಸುದ್ದಿಯಾಗಿದ್ದು ಯಾಕೆ? ಅಪರೂಪವಾಗಿದ್ದಕ್ಕೇ ಅಲ್ವಾ.

ಹಿಡಿಯುವವರು ಯಾರು

‘ನೈತಿಕ ಪೊಲೀಸ್‌ಗಿರಿ’ ಎಂಬ ಪದ ಕರಾವಳಿಯ ಸುದ್ದಿಗಳಿಂದ ಕನ್ನಡಕ್ಕೆ ಬಂದು ಕೂತಿದೆ. ನಮ್ಮಲ್ಲಿ ಅದು ಕಾನೂನು ಕೈಗೆತ್ತಿಕೊಳ್ಳುವ ಗುಂಪುಗಳಿಗೆ ಹೇಳುವ ಮಾತು. ಅಚೆಹ್‌ನಲ್ಲಿ ಅದು ಸಮವಸ್ತ್ರ ಹಾಕಿದ ಸರ್ಕಾರಿ ಇಲಾಖೆ. ಹೆಸರು ‘ವಿಲಾಯತುಲ್ ಹಿಸ್ಬಾ’. ಪಿಕಪ್ ಗಾಡಿಯಲ್ಲಿ ಕಡಲತೀರ ಸುತ್ತುತ್ತಾರೆ, ಬಿಗಿ ಪ್ಯಾಂಟ್ ಹಾಕಿದ ಹುಡುಗಿಯರನ್ನು ನಿಲ್ಲಿಸಿ ಬುದ್ಧಿ ಹೇಳುತ್ತಾರೆ.

ಇಲಾಖೆಗಿಂತ ದೊಡ್ಡ ಪಡೆ ಹಳ್ಳಿಯವರದು. 2008ರ ಒಂದು ಕಾನುನ್ ಪ್ರಕಾರ ಹಳ್ಳಿಯ ಮಟ್ಟದಲ್ಲೇ ಬಗೆಹರಿಸಬಹುದಾದ 18 ಬಗೆಯ ವ್ಯಾಜ್ಯಗಳಲ್ಲಿ ಖಲ್ವತ್ ಕೂಡ ಸೇರಿದೆ. ಊರ ಮುಖ್ಯಸ್ಥ ‘ಕೆಉಚಿಕ್’ ಮತ್ತು ಹಿರಿಯರು ಕೂತು ತೀರ್ಮಾನ ಕೊಡಬಹುದು. ‘ಕಾನೂನೂ ಸಂಪ್ರದಾಯವೂ ವಸ್ತುವೂ ಅದರ ಗುಣವೂ ಇದ್ದ ಹಾಗೆ, ಬೇರೆ ಮಾಡಲಾಗದು’ ಎಂದು ಅಚೆಹ್‌ನಲ್ಲಿ ಗಾದೆಯೇ ಇದೆ. ಇದರಿಂದ ಎಷ್ಟೋ ಸಣ್ಣ ವಿಷಯಗಳು ಕೋರ್ಟಿಗೆ ಹೋಗದೆ ತಣ್ಣಗಾಗುತ್ತವೆ, ಅದು ಒಳ್ಳೆಯದೇ. ಇನ್ನೊಂದು ಮಗ್ಗುಲೆಂದರೆ ಊರ ಹುಡುಗರು ಬಾಗಿಲು ಒಡೆದು ಒಳನುಗ್ಗುತ್ತಾರೆ, ಸಿಕ್ಕಿದ ಜೋಡಿಯ ಮೇಲೆ ಚರಂಡಿ ನೀರು ಸುರಿಯುತ್ತಾರೆ. 2025ರ ಫೆಬ್ರವರಿಯಲ್ಲಿ 82 ಮತ್ತು 77 ಏಟು ತಿಂದ ಇಬ್ಬರು ಕಾಲೇಜು ವಿದ್ಯಾರ್ಥಿಗಳು ಸಿಕ್ಕಿಬಿದ್ದಿದ್ದು ಹೀಗೆಯೇ, ಬಾಡಿಗೆ ಕೋಣೆಗೆ ನುಗ್ಗಿದ ಅಕ್ಕಪಕ್ಕದವರಿಂದ. ಕೋಣೆಗೆ ನುಗ್ಗುವುದು ಹತ್ತು ಅಪರಾಧಗಳ ಪಟ್ಟಿಯಲ್ಲಿ ಇಲ್ಲ.

ಲಂಗ್ಸಾ ಪಟ್ಟಣದ ಎರಡು ಘಟನೆಗಳನ್ನು ಇಲ್ಲಿ ಬಿಡುವಂತಿಲ್ಲ. 2010ರ ಜನವರಿಯಲ್ಲಿ ಗೆಳೆಯನ ಜೊತೆ ಸಿಕ್ಕಿದಳೆಂದು ಹಿಡಿದು ತಂದ ಇಪ್ಪತ್ತರ ಯುವತಿಯ ಮೇಲೆ ಹಿಸ್ಬಾ ಸಿಬ್ಬಂದಿಯೇ ಠಾಣೆಯಲ್ಲಿ ಅತ್ಯಾಚಾರ ಮಾಡಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅವರಿಗೆ ಶಿಕ್ಷೆ ಕೊಟ್ಟಿದ್ದು ರಾಷ್ಟ್ರೀಯ ಕಾನೂನು. ಆಗಿನ ಶರಿಯಾ ಕಾಯ್ದೆಗಳಲ್ಲಿ ಅತ್ಯಾಚಾರ ಎಂಬ ಅಪರಾಧವೇ ಇರಲಿಲ್ಲ. 2014ರಲ್ಲಿ ಒಬ್ಬ ವಿಧವೆಯ ಮನೆಗೆ ‘ಅಕ್ರಮ ಸಂಬಂಧ ಹಿಡಿಯಲು’ ನುಗ್ಗಿದ ಗುಂಪು ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿ, ನಂತರ ಆಕೆಯನ್ನೇ ಹಿಸ್ಬಾಕ್ಕೆ ಒಪ್ಪಿಸಿತು. ಆಕೆಗೆ ಬೆತ್ತವಾಗಬೇಕು ಎಂದು ಅಲ್ಲಿನ ಶರಿಯಾ ಅಧಿಕಾರಿಗಳು ಹೇಳಿದರು. ಆಕೆ ಮೊದಲು ಬಲಿಪಶುವೋ, ಆರೋಪಿಯೋ? ಆ ಕಾನೂನಿನ ಕಣ್ಣಿಗೆ ಆರೋಪಿ ಮೊದಲು.

ಲೆಕ್ಕ ಮುರಿಯುವ ಜಾಗ

2014ರ ಸಂಹಿತೆಯಲ್ಲಿ ಅತ್ಯಾಚಾರ ಸೇರಿತು. ಶಿಕ್ಷೆ 125ರಿಂದ 175 ಏಟು, ಇಲ್ಲವೇ ಅಷ್ಟೇ ತಿಂಗಳು ಜೈಲು, ಇಲ್ಲವೇ ಒಂದಕ್ಕೆ ಹತ್ತರಂತೆ ಚಿನ್ನ. ಮಕ್ಕಳ ಮೇಲಾದರೆ 150ರಿಂದ 200. ಇನ್ನೂರು ತಿಂಗಳು ಅಂದರೆ ಹದಿನಾರು ವರ್ಷಕ್ಕೂ ಜಾಸ್ತಿ. ರಾಷ್ಟ್ರೀಯ ಮಕ್ಕಳ ರಕ್ಷಣಾ ಕಾಯ್ದೆಯಲ್ಲಿ ಇದೇ ಅಪರಾಧಕ್ಕೆ 5ರಿಂದ 15 ವರ್ಷ. ಹಾಗಾಗಿ ಜೈಲು ಕೊಟ್ಟರೆ ಶರಿಯಾ ಸಂಹಿತೆಯೇ ಹೆಚ್ಚು ಕಠಿಣ. ಆದರೆ ‘ಇಲ್ಲವೇ’ ಎಂಬ ಪದ ಇದೆಯಲ್ಲ, ಎಲ್ಲ ಅನಾಹುತ ಅದರಲ್ಲಿದೆ.

2020ರ ನವೆಂಬರ್‌ನಲ್ಲಿ ಪೂರ್ವ ಅಚೆಹ್‌ನ ಇದಿ ಪಟ್ಟಣದಲ್ಲಿ ಮಗುವಿನ ಮೇಲೆ ಅತ್ಯಾಚಾರ ಮಾಡಿದ ಯುವಕನಿಗೆ 146 ಏಟು ಹೊಡೆದರು. ನಡುವೆ ನಿಲ್ಲಿಸಿ ಎಂದು ಬೇಡಿಕೊಂಡ. ವೈದ್ಯರು ಉಪಚಾರ ಮಾಡಿದರು. ಮತ್ತೆ ಹೊಡೆದು ಲೆಕ್ಕ ಚುಕ್ತಾ ಮಾಡಿದರು. ನೋಡಲು ಘೋರವೇ. ಆದರೆ ನನ್ನ ಲೆಕ್ಕ ಬೇರೆ ಕಡೆ ಓಡುತ್ತದೆ. ಸಂಹಿತೆಯದೇ ಸಮೀಕರಣದಲ್ಲಿ 146 ಏಟು ಅಂದರೆ 146 ತಿಂಗಳು, ಹನ್ನೆರಡು ವರ್ಷ ಎರಡು ತಿಂಗಳು. ಬೆತ್ತದಲ್ಲಿ ಅದು ಒಂದೇ ದಿನದ ಕೆಲಸ. ಜೂಜುಕೋರನಿಗೆ ‘ಬೇಗ ಮುಗಿಯುತ್ತದೆ’ ಎನ್ನುವುದು ಕರುಣೆಯಾಗಿತ್ತು. ಇಲ್ಲಿ ಅದೇ ಗುಣ ತಿರುಗಿ ಮಗುವಿನ ಮೇಲೆ ಬೀಳುತ್ತದೆ. ಇಂಥ ಪ್ರಕರಣಗಳಲ್ಲಿ ಆರೋಪಿ ಹೆಚ್ಚಾಗಿ ಪರಿಚಿತನೇ ಆಗಿರುತ್ತಾನೆ, ನೆಂಟನೋ ನೆರೆಯವನೋ. ಬೆನ್ನಿನ ಗಾಯ ಮಾಯುವ ಮೊದಲೇ ಅದೇ ಬೀದಿಗೆ ಅವನು ಮರಳಿ ಬರಬಹುದು. ಹತ್ತು ಏಟಿಗೂ ನೂರೈವತ್ತು ಏಟಿಗೂ ನಡುವೆ ನೋವಿನಲ್ಲಿ ಆಕಾಶ ಭೂಮಿಯಷ್ಟು ವ್ಯತ್ಯಾಸ. ಕಾಲದಲ್ಲಿ ಹೆಚ್ಚೆಂದರೆ ಅರ್ಧ ಗಂಟೆಯ ವ್ಯತ್ಯಾಸ.

ಸಾಕ್ಷ್ಯದ ಕಥೆ ಇನ್ನೂ ಇಕ್ಕಟ್ಟಿನದು. ದೂರು ಕೊಡುವವರು ಪ್ರಾಥಮಿಕ ಸಾಕ್ಷ್ಯ ತರಬೇಕು. ಸಾಕ್ಷ್ಯ ಸಾಲದಿದ್ದರೆ ಆರೋಪಿ ದೇವರ ಹೆಸರಿನಲ್ಲಿ ಐದು ಸಲ ಪ್ರಮಾಣ ಮಾಡಿ ಪಾರಾಗಬಹುದು. ಪ್ರಮಾಣಕ್ಕೆ ಹೆದರುವವನು ಆ ಕೆಲಸ ಮಾಡುತ್ತಿದ್ದನೇ?

2020ರ ಕೊನೆಯಲ್ಲಿ ಇಂಡೊನೇಷ್ಯಾದ ಸುಪ್ರೀಂ ಕೋರ್ಟ್ ಒಂದು ಸುತ್ತೋಲೆ ಹೊರಡಿಸಿತು. ಮಕ್ಕಳು ಬಲಿಪಶುಗಳಾದ ಅತ್ಯಾಚಾರ, ಕಿರುಕುಳ ಪ್ರಕರಣಗಳಲ್ಲಿ ಶರಿಯಾ ನ್ಯಾಯಾಲಯಗಳು ಜೈಲು ಶಿಕ್ಷೆಯನ್ನೇ ಕೊಡಬೇಕು ಎಂದಿತು. ಅಂದರೆ ಆ ‘ಇಲ್ಲವೇ’ ಪದವನ್ನು ಮಕ್ಕಳ ಮಟ್ಟಿಗೆ ಅಳಿಸಿತು. ಸಂಹಿತೆಯನ್ನು ಬದಲಿಸದೆಯೇ. 2021ರಲ್ಲಿ ಜಾಂತೊ ಎಂಬಲ್ಲಿನ ಶರಿಯಾ ನ್ಯಾಯಾಲಯ ಒಂದು ಮಗುವಿನ ಪ್ರಕರಣದಲ್ಲಿ ಹತ್ತಿರದ ಸಂಬಂಧಿಗೆ 200 ತಿಂಗಳ ಜೈಲು ಕೊಟ್ಟಿತು. ಪ್ರಾಂತ್ಯದ ಮೇಲ್ಮನವಿ ಶರಿಯಾ ನ್ಯಾಯಾಲಯ ಅವನನ್ನು ಬಿಟ್ಟಿತು. ಮಹಿಳಾ ಸಂಘಟನೆಗಳು, ಕಾನೂನು ನೆರವಿನವರು ಗಲಾಟೆ ಎಬ್ಬಿಸಿದರು. ಕೊನೆಗೆ ಸುಪ್ರೀಂ ಕೋರ್ಟ್ 200 ತಿಂಗಳನ್ನು ಮತ್ತೆ ಕೂರಿಸಿತು.

ಆ ಗಲಾಟೆಯಲ್ಲಿ ಮುಂದಿದ್ದವರು ಜಕಾರ್ತಾದವರಲ್ಲ, ವಿದೇಶಿಯರೂ ಅಲ್ಲ. ಹಿಜಾಬ್ ಹಾಕಿಕೊಂಡ ಅಚೆಹ್ ಹೆಂಗಸರು. ಶರಿಯಾ ಬೇಡ ಎಂದು ಅವರು ಕೇಳಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಕಿರುಕುಳ, ಅತ್ಯಾಚಾರದ ಎರಡು ವಿಧಿಗಳನ್ನು ಸಂಹಿತೆಯಿಂದ ತೆಗೆದು ರಾಷ್ಟ್ರೀಯ ಕಾಯ್ದೆಗೆ ಬಿಟ್ಟುಕೊಡಿ ಎಂದಷ್ಟೇ ಕೇಳಿದರು.